ಬ್ರಾಕೆಟ್ ಏಳು

ನಮ್ಮ ಚೀಲ ಮೂಲೆಯಲ್ಲಿ ಬಿದ್ದಿತ್ತು. ಕಳಸದ ಬೆಳೆಗಾರರ ಸಂಘದ ಆಫೀಸಿನಲ್ಲಿ, ಮುರಿದ ಕುರ್ಚಿಗಳ ಹಿಂದೆ, ಪೊರಕೆಯ ಪಕ್ಕ. ಅಮ್ಮ ತನ್ನ ಹಳೇ ಸೀರೆಯ ಅಂಚು ಹರಿದು ಬಾಯಿ ಕಟ್ಟಿದ್ದ ಬಿಳಿ ಬಟ್ಟೆಯ ಚೀಲ ಅದು, ಬಾಗಿಲಿಂದಲೇ ಗುರುತು ಸಿಕ್ಕಿತು. ಜೊತೆಗೆ ಇನ್ನೂ ಕೆಲವು ಚೀಲಗಳಿದ್ದವು. ಎಲ್ಲವೂ ನಮ್ಮಂಥ ಸಣ್ಣ ಬೆಳೆಗಾರರವೇ. ಒಳಗಿನ ಕೋಣೆಯಲ್ಲಿ ಕಾಫಿ ಹುರಿಯುವ ಮಷಿನ್ ತಿರುಗುತ್ತಿತ್ತು, ಘಮ ರಸ್ತೆಯವರೆಗೂ ಬರುತ್ತಿತ್ತು.

"ಜಯಪ್ರಕಾಶಣ್ಣ, ನಮ್ಮ ಸ್ಯಾಂಪಲ್ ಯಾಕೆ ಹೊರಗಿದೆ?"

ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಚೀಟಿ ಇಲ್ಲ ಮಾರಾಯ. ಚೀಟಿ ಇಲ್ಲದ್ದನ್ನ ಹುರಿಯೋದಿಲ್ಲ."

ನನಗೆ ನೆತ್ತಿಗೇರಿತು. ಚೀಟಿಯನ್ನು ನಾನು ಹಿಂದಿನ ವಾರವೇ ಕಳಿಸಿದ್ದೆ. ಆ ವರ್ಷ ಸಂಘದವರು ಮೊದಲ ಸಲ ರುಚಿ ನೋಡುವ ಕಾರ್ಯಕ್ರಮ ಇಟ್ಟಿದ್ದರು. ಚಿಕ್ಕಮಗಳೂರಿನಿಂದ ಟೇಸ್ಟರ್ ಬಂದಿದ್ದರು. ಇವತ್ತು ಹುರಿಯುವುದು, ನಾಳೆ ಬೆಳಿಗ್ಗೆ ರುಚಿ ನೋಡುವುದು, ಮಧ್ಯಾಹ್ನ ಅವರು ಗಾಡಿ ಹತ್ತುವುದು. ಬೆಳೆಗಾರರು ಸಂಘದ ವೆಬ್‌ಸೈಟಿಗೆ ಹೋಗಿ ವಿವರ ತುಂಬಿ ಬಟನ್ ಒತ್ತಿದರೆ ಬ್ರೌಸರಿನಲ್ಲೇ ಒಂದು ಪಿಡಿಎಫ್ ತೆರೆದುಕೊಳ್ಳುತ್ತಿತ್ತು. ಅದೇ ಚೀಟಿ. ಅದನ್ನು ಉಳಿಸಿಕೊಂಡು ಜಯಪ್ರಕಾಶನಿಗೆ ಕಳಿಸಬೇಕು, ಅವನು ಪ್ರಿಂಟ್ ತೆಗೆದು ಚೀಲಕ್ಕೆ ಕಟ್ಟಬೇಕು. ಚೀಲದ ನಂಬರು ಇರುವುದು ಆ ಚೀಟಿಯಲ್ಲಿ ಮಾತ್ರ.

"ಕಳ್ಸಿದ್ದೀನಿ. ನೀವು ನೋಡಿದ ಗುರುತೂ ಬಂದಿದೆ."

"ಎಲ್ಲಿ ಬಂದಿದೆ? ನೀನೇ ನೋಡು." ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಫೈಲುಗಳ ಸಾಲಿನಲ್ಲಿ ಹೊಸಗದ್ದೆ ಎಂಬ ಹೆಸರಿನದ್ದು ಒಂದೇ ಒಂದಿತ್ತು.

"ಅದು ಗಿಡ್ಡಪ್ಪಗೌಡ್ರದ್ದು."

"ಹೌದು. ಅದರದ್ದೇ ಕಾಪಿ ಒಂದು ರಾಶಿ ಬಂದಿತ್ತು. ಹೊಸಗದ್ದೆ ಬ್ರಾಕೆಟ್ ಒಂದು, ಬ್ರಾಕೆಟ್ ಎರಡು, ಹಿಂಗೆ ಬ್ರಾಕೆಟ್ ಏಳರ ತನಕ. ಗೌಡ್ರ ಲೆಕ್ಕ ಬರೆಯೋ ರೈಟರ್ ಗೊತ್ತಾಗ್ದೆ ಮತ್ತೆ ಮತ್ತೆ ಕಳ್ಸಿದ್ದಾನೆ ಅಂತ ಒಂದಿಟ್ಕೊಂಡು ಉಳಿದಿದ್ದು ಡಿಲೀಟ್ ಮಾಡ್ದೆ."

"ತೆರೆದು ನೋಡಿದ್ರಾ?"

"ಒಂದೇ ಹೆಸರಿನದ್ದನ್ನ ಎಷ್ಟು ಸಲ ತೆರೆಯೋದು?"

ಒಂದೇ ಹೆಸರಿನ ಫೈಲು ಮತ್ತೆ ಬಂದರೆ ಕಂಪ್ಯೂಟರ್ ತಾನೇ ಬ್ರಾಕೆಟಿನಲ್ಲಿ ನಂಬರು ಹಾಕುತ್ತದೆ. ಬ್ರಾಕೆಟ್ ಏಳು ನಮ್ಮದು. ಕೊನೆಗೆ ಕಳಿಸಿದವನು ನಾನೇ. ಮೊಬೈಲಿನಲ್ಲಿ ಇನ್ನೂ ಫೈಲಿತ್ತು. ಅಲ್ಲೇ ನಿಂತು ಅದಕ್ಕೆ ಅಮ್ಮನ ಹೆಸರು, ವಸಂತಮ್ಮ ಎಂದು ಹಾಕಿ ಮತ್ತೆ ಕಳಿಸಿದೆ. ಅವನ ಕಂಪ್ಯೂಟರ್ ಟಿಣ್ ಅಂದಿತು. ಅವನು ತಲೆಯಾಡಿಸಿದ.

"ಇದು ನಡೆಯಲ್ಲ. ಕೈಯಲ್ಲಿ ಹೆಸರು ಬದಲಿಸಿದ ಫೈಲ್ ತಗೋಬಾರ್ದು ಅಂತ ಕಮಿಟಿಯವ್ರು ಹೇಳಿದ್ದಾರೆ. ಹೋದ ವರ್ಷ ಮೆಣಸಿನ ಸ್ಯಾಂಪಲ್ಲಲ್ಲಿ ಯಾರೋ ಕಿತಾಪತಿ ಮಾಡಿದ್ರಲ್ಲ, ಅದಕ್ಕೆ. ಸೈಟಿಂದ ಯಾವ ಹೆಸರು ಬರುತ್ತೋ ಅದೇ ಇರ್ಬೇಕು."

"ಸೈಟಿಂದ ಬಂದಿದ್ದನ್ನ ನೀವು ಅಳಿಸಿ ಹಾಕಿದ್ರಿ. ನಾನು ಬದಲಿಸಿದ್ದನ್ನ ತಗೊಳ್ಳಲ್ಲ. ಮತ್ತೆ ನಮ್ಮ ಕಾಫಿ ಎಲ್ಲಿಗೆ ಹೋಗ್ಬೇಕು?"

"ಎಂತಕ್ಕೆ ಕೂಗಾಡ್ತೀಯಾ? ಎಲ್ಲ ಹೊಸಗದ್ದೆ ಪಲ್ಪರಿನದ್ದೇ ಅಲ್ವಾ? ಗೌಡ್ರದ್ದು ಕುಡಿದ್ರೆ ನಿಮ್ಮದೂ ಕುಡಿದ ಹಾಗೇ."

ಈ ಮಾತು ಅವನೊಬ್ಬನದಲ್ಲ. ನಮ್ಮ ಕಡೆ ಹಿಂದಿನಿಂದಲೂ ಹೀಗೇ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇರುವುದು ದೊಡ್ಡ ಎಸ್ಟೇಟಿನಲ್ಲಿ. ಸುತ್ತಲಿನ ಸಣ್ಣವರು ಹಣ್ಣು ಹೊತ್ತು ಅಲ್ಲಿಗೆ ಹೋಗುತ್ತಾರೆ. ಗಿಡ್ಡಪ್ಪಗೌಡರ ಹೊಸಗದ್ದೆ ಎಸ್ಟೇಟಿನ ಪಲ್ಪರಿಗೆ ಬಿದ್ದದ್ದೆಲ್ಲ ಹೊಸಗದ್ದೆ ಕಾಫಿ. ಸೈಟಿನಲ್ಲಿ ಎಸ್ಟೇಟ್ ಹೆಸರು ಎಂದು ಕೇಳಿದಾಗ ನಾವೆಲ್ಲ ಎರಡನೇ ಯೋಚನೆ ಮಾಡದೆ ಹೊಸಗದ್ದೆ ಎಂದೇ ಬರೆದಿದ್ದೆವು. ನಮ್ಮ ತೋಟಕ್ಕೆ ಬೇರೆ ಹೆಸರಿರಬಹುದು ಎಂದು ನಮಗೇ ಹೊಳೆದಿರಲಿಲ್ಲ.

ಆದರೆ ಆ ವರ್ಷ ಅಮ್ಮ ಗೌಡರ ಎಸ್ಟೇಟಿನಲ್ಲಿ ಸಿಪ್ಪೆ ಬಿಡಿಸಿದ್ದಷ್ಟೇ. ಲೋಳೆ ಮೆತ್ತಿದ ಬೀಜವನ್ನು ಮನೆಗೆ ಹೊರಿಸಿ ತಂದು, ನೀಲಿ ಡ್ರಮ್ಮಿನಲ್ಲಿ ತಾನೇ ಹುಳಿಯೇರಿಸಿ, ತಾನೇ ತೊಳೆದು, ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟಣೆ ಕಟ್ಟಿ ಅದರ ಮೇಲೆ ಒಣಗಿಸಿದ್ದಳು. ಹಗಲು ಕಾಳು ತಿರುವುತ್ತ ಕೂತಿರುತ್ತಿದ್ದಳು. ಮಂಗ ಬಂದರೆ ಬೈದು ಓಡಿಸುತ್ತಿದ್ದಳು. "ಒಂದು ಸಲ ನಂದು ಹೆಂಗಿದೆ ಅಂತ ಯಾರಾದ್ರೂ ಬಾಯಿಗೆ ಹಾಕಿ ಹೇಳ್ಬೇಕು ಕಣೋ" ಎಂದು ಹೇಳಿದ್ದಳು. ಅವಳು ನನ್ನ ಹತ್ತಿರ ಏನನ್ನೂ ಕೇಳುವವಳಲ್ಲ. ಇದೊಂದನ್ನು ಕೇಳಿದ್ದಳು.

"ಸೈಟಿಂದಲೇ ಬೇರೆ ಹೆಸರಲ್ಲಿ ಬಂದ್ರೆ ತಗೋತೀರಾ?"

ಜಯಪ್ರಕಾಶ್ ನಕ್ಕ. "ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೋನು ಸೈಟು ರಿಪೇರಿ ಮಾಡ್ತೀಯನಾ? ಮಾಡ್ಕೊಂಡು ಬಾ. ಐದು ಗಂಟೆಗೆ ಮಷಿನ್ ನಿಲ್ಲುತ್ತೆ."

ಸೈಟು ಮಾಡಿದವಳು ರುದ್ರಾಣಕ್ಕ. ಪೇಟೆಯಲ್ಲಿ ಗೋಣಿಚೀಲ, ಔಷಧಿ ಹೊಡೆಯುವ ಪಂಪು ಮಾರುವ ಬಸವರಾಜಪ್ಪನವರ ಮಗಳು. ಅಂಗಡಿಯ ಹಿಂದುಗಡೆ ಪೈಪಿನ ಸುರುಳಿಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ನಿಮ್ಮ ಸೈಟು ಗೌಡರ ಚಾಕರಿ ಮಾಡುತ್ತದೆ ಎಂದೂ ಅಂದೆ.

"ಮೊದ್ಲು ಕೂತ್ಕೋ ಮಾರಾಯ. ನೀರು ಕುಡಿ. ಆಮೇಲೆ ಬೈ."

ನಾನು ಕೂರಲಿಲ್ಲ. ಅವಳು ನಮ್ಮ ವಿವರವನ್ನೇ ತೆರೆದು ಬಟನ್ ಒತ್ತಿ ತೋರಿಸಿದಳು. ಹೊಸ ಕಿಟಕಿಯಲ್ಲಿ ಚೀಟಿ ಬಂತು. ಒಳಗೆ ಅಮ್ಮನ ಹೆಸರು ಸರಿಯಾಗಿಯೇ ಇತ್ತು.

"ಈ ಪಿಡಿಎಫ್ ಮೊದ್ಲಿಂದ ಎಲ್ಲೂ ಇಟ್ಟಿರಲ್ಲ. ನೀನು ಬಟನ್ ಒತ್ತಿದಾಗ ಹುಟ್ಟುತ್ತೆ. ಆಗಷ್ಟೇ ಹುಟ್ಟಿದ್ದಕ್ಕೆ ಹೆಸರೆಲ್ಲಿಂದ ಬರ್ಬೇಕು? ಬ್ರೌಸರ್ ಏನ್ ಮಾಡುತ್ತೆ ಅಂದ್ರೆ, ಮೇಲೆ ವಿಳಾಸ ಇದೆ ನೋಡು, ಅದರ ಕೊನೇ ತುಂಡು ತಗೊಂಡು ಅದನ್ನೇ ಹೆಸರು ಮಾಡುತ್ತೆ." ಬೆರಳಿಟ್ಟು ತೋರಿಸಿದಳು. ವಿಳಾಸದ ಕೊನೆಯಲ್ಲಿ ಹೊಸಗದ್ದೆ ಎಂದಿತ್ತು. "ಕೊನೇಲಿ ಎಸ್ಟೇಟ್ ಹೆಸರು ಹಾಕು ಅಂದಿದ್ದು ಜಯಪ್ರಕಾಶಣ್ಣ. ಹಾಕ್ದೆ. ಒಂದು ಎಸ್ಟೇಟಿಗೆ ಒಂದೇ ಚೀಟಿ ಅನ್ಕೊಂಡಿದ್ದೆ. ಎಂಟು ಮನೆಯವ್ರು ಒಂದೇ ಹೆಸರು ಬರೀತೀರಿ ಅಂತ ನಂಗೇನು ಗೊತ್ತು?"

"ಈಗ ಬದಲಿಸ್ಬಹುದಾ?"

"ಬದಲಿಸ್ಬಹುದು. ಫೈಲಿನ ಜೊತೆ ಹೆಸರು ಹೇಳಿ ಕಳ್ಸೋ ದಾರಿ ಒಂದಿದೆ. ಆದ್ರೆ ಬ್ರೌಸರಿನ ಒಳಗೇ ತೆರೆದಾಗ ಕೆಲವು ಮೊಬೈಲು ಆ ಮಾತು ಕೇಳಲ್ಲ. ಅದಕ್ಕೆ ವಿಳಾಸದ ಬಾಲದಲ್ಲೂ ಅದೇ ಹೆಸರು ಹಾಕ್ತೀನಿ. ಎರಡೂ ಕಡೆ ಒಂದೇ ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಆಗಲ್ಲ."

"ಹಾಕಿ. ವಸಂತಮ್ಮ ಅಂತ ಹಾಕಿ. ಕನ್ನಡದಲ್ಲೇ."

"ಫೈಲಿನ ಹೆಸರು ಕನ್ನಡದಲ್ಲಿ ಹಾಕಿದ್ರೆ ಆಫೀಸಿನ ಹಳೇ ಕಂಪ್ಯೂಟರಲ್ಲಿ ಅಕ್ಷರದ ಬದಲು ಪರ್ಸೆಂಟ್ ಗುರುತಿನ ಜಾತ್ರೆ ಆಗುತ್ತೆ. ಅದನ್ನ ಸರಿ ಮಾಡೋಕೆ ಇವತ್ತು ಹೊತ್ತಿಲ್ಲ. ನಿಂಗೆ ಹೆಸರು ಬೇಕೋ ಜಗಳ ಬೇಕೋ?"

"ಎರಡೂ."

ಅವಳು ನಕ್ಕಳು. "ಇವತ್ತಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. ಜಗಳ ಬಾಕಿ ಇಟ್ಕೋ. ಆದ್ರೆ ವಸಂತಮ್ಮ ಅಂತಷ್ಟೇ ಹಾಕಿದ್ರೆ ಸಾಲದು. ಸಂಸೆ ಕಡೆ ಇನ್ನೊಬ್ರು ವಸಂತಮ್ಮ ಇದ್ದಾರೆ, ಮತ್ತೆ ಬ್ರಾಕೆಟ್ ಬರುತ್ತೆ. ನಿಮ್ಮ ತೋಟದ ಹೆಸರೂ ಸೇರಿಸ್ಬೇಕು. ಏನು ಹೆಸರು?"

ಎಲ್ಲರೂ ನಮ್ಮ ತೋಟವನ್ನು ಹೊಸಗದ್ದೆ ಕೆಳಗಿನದು ಎನ್ನುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ. ಅಮ್ಮನಿಗೆ ಫೋನ್ ಮಾಡಿದೆ.

ಸಂಗತಿ ಕೇಳಿ ಅಮ್ಮ ಹೆದರಿದಳು. "ಬೇಡ ಕಣೋ. ಪಲ್ಪರ್ ಅವ್ರದ್ದು. ಗೌಡ್ರ ಕಿವಿಗೆ ಬಿದ್ರೆ ಏನು ತಿಳ್ಕೊಳ್ತಾರೆ? ಚೀಲ ತಗೊಂಡು ಸುಮ್ನೆ ಬಾ, ಮನೇಲೇ ಹುರ್ಕೊಂಡು ಕುಡಿಯೋಣ."

"ಚೀಲ ಎಲ್ಲಿತ್ತು ಗೊತ್ತಾ? ಪೊರಕೆ ಹತ್ರ. ನಿನ್ನ ಸೀರೆ ಅಂಚಿನ ಮೇಲೆ ಧೂಳು ಕೂತಿತ್ತು. ಅಮ್ಮ, ನಮ್ಮ ತೋಟಕ್ಕೆ ಹೆಸರಿದೆಯಾ ಇಲ್ವಾ, ಅದಷ್ಟು ಹೇಳು."

ಆ ಕಡೆ ಅಮ್ಮ ಕೋಳಿಯನ್ನು ಹುಶ್ ಎಂದು ಓಡಿಸಿದಳು.

"ಸುರಗಿಮಕ್ಕಿ" ಎಂದಳು. "ನಿಮ್ಮಜ್ಜಿ ಹಂಗನ್ನುತ್ತಿತ್ತು. ಕಾಫಿ ಹಾಕೋಕೆ ಮುಂಚೆ ಅಲ್ಲಿ ಮಳೆ ನೀರಿಗೆ ಬೆಳೆಯೋ ಮಕ್ಕಿಗದ್ದೆ ಇತ್ತಂತೆ, ಏರಿ ಮೇಲೆ ಸುರಗಿ ಮರ. ಈಗ ಯಾರೂ ಹಂಗೆ ಕರೆಯಲ್ಲ."

ಫೋನಿನಿಂದ ಕೇಳಿಸಿದ ಹೆಸರನ್ನು ರುದ್ರಾಣಕ್ಕ ಆಗಲೇ ಟೈಪ್ ಮಾಡಿಯಾಗಿತ್ತು. ಅವಳು ನನ್ನ ಮುಖ ನೋಡಿದಳು. "ಹೆಸರು ಬದಲಿಸೋದು ನಿಮ್ಮೊಬ್ಬರಿಗಾ, ಎಲ್ಲರಿಗಾ?"

"ಎಲ್ಲರಿಗೂ."

ಉಳಿದವರಿಗೆಲ್ಲ ಫೋನ್ ಹಾಕಿದೆ. ಶಂಕರಮ್ಮತ್ತೆ ತಡವರಿಸಲಿಲ್ಲ. ಕೇಳಲೆಂದೇ ಕಾದಿದ್ದವಳ ಹಾಗೆ "ಹುಲಿಕಲ್ಲುಬರೆ" ಎಂದಳು. ನಾಗೇಶಣ್ಣ ಮಾತ್ರ ಪೇಚಾಡಿದ. "ನಂದಕ್ಕೆ ಹೆಸರೇ ಇಲ್ವಲ್ಲೋ. ಏನಾದ್ರೂ ಹಾಕು. ನಿಮ್ಮತ್ತಿಗೆ ಹೆಸರು ಹಾಕ್ಬಿಡು, ಇವತ್ತೊಂದಿನ ಊಟ ಸರಿಯಾಗಿ ಹಾಕ್ತಾಳೆ." ಅವನ ತೋಟ ಅಂದಿನಿಂದ ರೂಪಶ್ರೀ ಆಯಿತು. ಎಲ್ಲರ ಚೀಟಿಯೂ ಒಂದೊಂದಾಗಿ ತೆರೆದುಕೊಂಡಿತು. ಒಂದಕ್ಕೂ ಬ್ರಾಕೆಟ್ ಬರಲಿಲ್ಲ. ರುದ್ರಾಣಕ್ಕ ತಾನೇ ಜಯಪ್ರಕಾಶನಿಗೆ ಕಳಿಸಿದಳು. ನಾನು ಓಡಿದೆ.

ಆಫೀಸಿನಲ್ಲಿ ಗಿಡ್ಡಪ್ಪಗೌಡರು ಕೂತಿದ್ದರು. ಬೆಳ್ಳಗೆ ಒಗೆದ ಷರಟು, ಕೈಯಲ್ಲಿ ಕಾಫಿ ಲೋಟ. ಅವರ ಎದುರಿಗೆ ಜಯಪ್ರಕಾಶ್ ನಿಂತಿದ್ದ. ಹೊಸ ಫೈಲುಗಳು ಪರದೆಯ ಮೇಲಿದ್ದವು, ಪ್ರಿಂಟ್ ಒಂದೂ ಆಗಿರಲಿಲ್ಲ.

"ಬಾರೋ ದಿಲೀಪ" ಎಂದರು ಗೌಡರು. ಅವರು ಎಂದೂ ದನಿ ಎತ್ತಿದವರಲ್ಲ. ಎತ್ತುವ ಪ್ರಮೇಯವೇ ಅವರಿಗೆ ಬಂದಿರಲಿಲ್ಲ. "ಹೊಸಗದ್ದೆ ಅಂದ್ರೆ ನಾಚಿಕೆಯೇನೋ ನಿಂಗೆ?"

"ನಾಚಿಕೆ ಅಲ್ಲ ಗೌಡ್ರೇ. ಅದು ನಿಮ್ಮದು."

"ನಂದು ಅಂತ ನಾನ್ಯಾವತ್ತು ಅಂದೆ? ನಿಮ್ಮಪ್ಪನ ಕಾಲದಿಂದ ಎಲ್ಲರೂ ಆ ಹೆಸರಲ್ಲೇ ಮಾರ್ತಿದ್ದೀರಿ. ಹೊಸಗದ್ದೆ ಅಂದ್ರೆ ಹೊರಗಿನವ್ರು ಚೀಲ ಬಿಚ್ಚಿ ನೋಡ್ತಾರೆ. ಸುರಗಿಮಕ್ಕಿ ಅಂದ್ರೆ, ಅದೆಲ್ಲಿದೆ ಅಂತ ಕೇಳ್ತಾರೆ."

"ಕೇಳ್ಲಿ ಅಂತಲೇ ಹಾಕ್ಸಿದ್ದು."

ಜಯಪ್ರಕಾಶ್ ನಡುವೆ ಬಾಯಿ ಹಾಕಿದ. "ಕಮಿಟಿ ಕೇಳ್ದೆ ಸೈಟು ಬದಲಿಸಿದ್ದೇ ತಪ್ಪು ಗೌಡ್ರೇ. ಹಳೇ ಹೆಸರಲ್ಲೇ ತರ್ಲಿ."

"ಹಳೇ ಹೆಸರಲ್ಲಿ ತಂದಿದ್ದನ್ನ ಕಸ ಗುಡಿಸಿದ ಹಾಗೆ ಗುಡಿಸಿದ್ರಿ. ಸೈಟಿಂದ ಬಂದ ಹೆಸರು ಇರ್ಬೇಕು ಅಂದ್ರಿ, ಸೈಟಿಂದಲೇ ಬಂದಿದೆ. ಈಗ ಸೈಟೇ ತಪ್ಪು ಅಂತೀರಿ. ನಿಮಗೆ ಫೈಲಿನದ್ದಲ್ಲ ತೊಂದ್ರೆ ಜಯಪ್ರಕಾಶಣ್ಣ, ಗೌಡ್ರ ಸಾಲಲ್ಲಿ ನಾವು ಬಂದು ಕೂರೋದು ತೊಂದ್ರೆ. ಪ್ರಿಂಟ್ ತೆಗೀರಿ. ಇಲ್ಲಾಂದ್ರೆ ನಾನೇ ಈ ಚೀಲಗಳನ್ನ ಒಳಗೆ ಹೊತ್ಕೊಂಡು ಹೋಗಿ ಟೇಸ್ಟರ್ ಮುಂದೆ ಸುರೀತೀನಿ. ಯಾಕೆ ಸುರಿದೆ ಅಂತ ಅವ್ರು ಕೇಳಿದ್ರೆ ನೀವೇ ಉತ್ತರ ಕೊಡಿ."

ಸುಳ್ಳು ಬೆದರಿಕೆಯಲ್ಲ. ಎರಡು ಚೀಲ ಆಗಲೇ ನನ್ನ ಹೆಗಲಿಗೇರಿದ್ದವು.

ಗೌಡರು ಲೋಟ ಕೆಳಗಿಟ್ಟರು. "ಹುಡುಗನ ಹತ್ರ ಎಂತ ಮಾತು. ವಸಂತಮ್ಮಂಗೆ ಫೋನ್ ಹಾಕು, ನಾನು ಮಾತಾಡ್ತೀನಿ."

ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅಮ್ಮ ಬಗ್ಗುತ್ತಾಳೆ ಎಂದು ಗೌಡರಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು.

"ವಸಂತಮ್ಮ, ಹೆಂಗಿದ್ದೀಯವ್ವಾ? ನಿನ್ನ ಮಗ ಇಲ್ಲಿ ಸಂಘ ತಲೆಕೆಳಗೆ ಮಾಡ್ತಿದ್ದಾನೆ. ನಿನ್ನ ಕಾಫಿ ಹುರಿಸ್ತೀನಿ, ಅದಕ್ಕೇನಂತೆ. ಹೊಸಗದ್ದೆ ಅಂತಲೇ ಹೋಗ್ಲಿ. ನಿಂಗೇ ಒಳ್ಳೇದು."

"ನಿಮ್ಮ ಹೆಸರು ದೊಡ್ಡದು ಗೌಡ್ರೇ" ಎಂದಳು ಅಮ್ಮ. "ಆ ಹೆಸರಲ್ಲಿ ಕುಡಿದ್ರೆ, ಚೆನ್ನಾಗಿದ್ರೂ ನಿಮ್ಮದು ಅಂತಾರೆ, ಕೆಟ್ಟಿದ್ರೂ ನಿಮ್ಮದು ಅಂತಾರೆ. ನಂದು ಹೆಂಗಿದೆ ಅಂತ ನಂಗೆ ಗೊತ್ತಾಗೋದು ಯಾವಾಗ?"

ಗೌಡರ ಮುಖದ ನಗು ಹಾಗೇ ಇತ್ತು. "ಆಯ್ತವ್ವಾ. ಮುಂದಿನ ವರ್ಷ ಹಣ್ಣು ಎಲ್ಲಿ ಪಲ್ಪ್ ಮಾಡಿಸ್ತೀಯಾ?"

"ಅದು ಮುಂದಿನ ವರ್ಷದ ಮಾತು ಗೌಡ್ರೇ. ಈ ವರ್ಷದ್ದು ಹುರೀಲಿ."

ಗೌಡರು ಎದ್ದು ಷರಟಿನ ತೋಳು ಸರಿಮಾಡಿಕೊಂಡು ಹೊರಟರು. ಬಾಗಿಲ ಹತ್ತಿರ ನಿಂತು, "ಪ್ರಿಂಟ್ ಕೊಡೋ ಜಯಪ್ರಕಾಶ. ಕುಡಿದು ನೋಡ್ಲಿ, ಗೊತ್ತಾಗ್ಲಿ" ಎಂದರು. ಪ್ರಿಂಟರ್ ಗರಗರ ಎಂದಿತು. ಚೀಟಿಗಳನ್ನು ನಾನೇ ಕಟ್ಟಿದೆ. ನಮ್ಮ ಚೀಲಗಳು ಒಳಗೆ ಹೋದವು.

ಮರುದಿನ ಬೆಳಿಗ್ಗೆ ಅಮ್ಮನೂ ಬಂದಳು. ಉದ್ದನೆಯ ಮೇಜಿನ ಮೇಲೆ ಬಟ್ಟಲುಗಳ ಸಾಲು. ಟೇಸ್ಟರ್ ಮೇಡಂ ಚಮಚದಲ್ಲಿ ಕಾಫಿ ತೆಗೆದು ಸೊರ್ರ್ ಎಂದು ಎಳೆದು, ಬಾಯೆಲ್ಲ ಆಡಿಸಿ, ಡಬ್ಬಿಗೆ ಉಗಿಯುತ್ತಿದ್ದರು. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. "ನಮ್ಮನೇಲಿ ಹಿಂಗೆ ಕುಡಿದಿದ್ರೆ ನಿಮ್ಮಜ್ಜಿ ಸೌಟು ಹಿಡ್ಕೊಂಡು ಬರ್ತಿತ್ತು." ಅವಳ ಕೈ ಮಾತ್ರ ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಫಲಿತಾಂಶ ಓದಿದರು. ಹೊಸಗದ್ದೆ ಮೊದಲ ಸ್ಥಾನಗಳಲ್ಲೇ ಇತ್ತು. ಶಂಕರಮ್ಮತ್ತೆಯ ಹುಲಿಕಲ್ಲುಬರೆ ಅದರ ಬೆನ್ನಿಗೇ ಬಂತು. ಸುರಗಿಮಕ್ಕಿ ಎಲ್ಲೋ ಕೆಳಗೆ, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಕಡೆ. ಜಯಪ್ರಕಾಶ್ ನನ್ನ ಕಡೆ ನೋಡಿದ. ನಾನೂ ಕಣ್ಣು ತಗ್ಗಿಸದೆ ನೋಡಿದೆ. ಸಂಕಟವನ್ನು ಅವನಿಗೆ ಯಾಕೆ ತೋರಿಸಲಿ?

ಆಗ ಟೇಸ್ಟರ್ ಮೇಡಂ ಮೇಜು ಬಳಸಿ ಬಂದರು. "ಸುರಗಿಮಕ್ಕಿ ಯಾರದ್ದು?"

ಅಮ್ಮ ಎದ್ದು ನಿಂತಳು.

"ಸಿಹಿ ತುಂಬ ಚೆನ್ನಾಗಿದೆ. ಆದ್ರೆ ಕೊನೇಲಿ ಒಂದು ಹುಳಿ ಉಳಿಯುತ್ತೆ. ಹುಳಿಯೇರೋಕೆ ಬಿಟ್ಟಿದ್ದು ಜಾಸ್ತಿ ಆಗಿದೆ ಅನ್ಸುತ್ತೆ. ಹೌದಾ?"

"ಹೌದು ಮೇಡಂ!" ಅಮ್ಮ ಎಷ್ಟು ಜೋರಾಗಿ ಹೇಳಿದಳೆಂದರೆ ಎಲ್ಲರೂ ತಿರುಗಿದರು. "ಆವತ್ತು ಕರೆಂಟು ಹೋಗಿ ಪಂಪು ನಿಂತೋಯ್ತು. ತೊಳೆಯೋಕೆ ನೀರಿಲ್ಲ. ಮಾರನೇ ದಿನ ಸಂಜೆ ತೊಳ್ದೆ. ಮೂಸಿದಾಗಲೇ ನಂಗೆ ಅನುಮಾನ ಬಂದಿತ್ತು. ಅದು ನಾಲಿಗೆಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಅದೊಂದು ಸರಿ ಮಾಡ್ಕೊಳ್ಳಿ. ಮುಂದಿನ ವರ್ಷ ಸುರಗಿಮಕ್ಕಿದು ಇದ್ರೆ ನಂಗೆ ಹೇಳಿ ಕಳ್ಸಿ."

ಅಮ್ಮನ ಮುಖ ನೋಡಬೇಕಿತ್ತು. ಗೆದ್ದವರ ಮುಖ ಕೂಡ ಹಾಗಿರಲಿಲ್ಲ. ಇಷ್ಟು ವರ್ಷ ಚೀಲಗಟ್ಟಲೆ ಕಾಫಿ ಕೊಟ್ಟಿದ್ದಳು, ಚೆನ್ನಾಗಿದೆ ಎಂದವರಿಲ್ಲ, ಕೆಟ್ಟಿದೆ ಎಂದವರೂ ಇಲ್ಲ. ಎಲ್ಲವೂ ಗೌಡರ ಕಣದಲ್ಲಿ ಬೆರೆತು ಹೋಗುತ್ತಿತ್ತು. ಈಗ ಅವಳದೇ ತಪ್ಪು ಅವಳ ಹೆಸರು ಹಿಡಿದು ಬಂದಿತ್ತು. ಕೆಳಗಿನ ಸ್ಥಾನ ಬಂತು. ಬರಲಿ! ಅದೂ ನಮ್ಮದೇ.

ಹೊರಗೆ ಗೌಡರ ಜೀಪು ನಿಂತಿತ್ತು. "ಪಲ್ಪರ್ ರಿಪೇರಿಗೆ ಹಾಕ್ಬೇಕು ವಸಂತಮ್ಮ. ಯಾವಾಗ ಮುಗಿಯುತ್ತೋ ಹೇಳೋಕಾಗಲ್ಲ" ಎಂದರು. ಅಮ್ಮ ಕೈ ಮುಗಿದು, "ಮಾಡಿಸ್ಕೊಳ್ಳಿ ಗೌಡ್ರೇ, ಮಷಿನ್ ಚೆನ್ನಾಗಿರ್ಬೇಕು" ಎಂದಳು. ಅದರಲ್ಲಿ ಕುಹಕವಿರಲಿಲ್ಲ. ನನ್ನ ಬಾಯಲ್ಲಿ ಬಂದಿದ್ದರೆ ಇರುತ್ತಿತ್ತು.

ಸಂಜೆ ಜನ ತುಂಬಿದ ಬಾಡಿಗೆ ಜೀಪಿನಲ್ಲಿ ಊರ ಕಡೆ ಹೊರಟೆವು. ಹಿಂದಿನ ಸೀಟಿನಲ್ಲಿ ಶಂಕರಮ್ಮತ್ತೆ, ನಾಗೇಶಣ್ಣ, ಅಮ್ಮ ಮೂವರೂ ಕೈಯಲ್ಲಿ ತಿರುಗಿಸುವ ಪಲ್ಪರ್ ಒಂದನ್ನು ಕೂಡಿ ತರುವುದರ ಬಗ್ಗೆ ಗಲಾಟೆ ಮಾಡುತ್ತಿದ್ದರು. ಯಾರ ಮನೆಯಲ್ಲಿ ಇಡುವುದು ಎಂಬಲ್ಲಿಗೆ ಬಂದು ಜಗಳವೇ ಆಯಿತು. ಅವರಿಬ್ಬರೂ ತಮ್ಮ ತಮ್ಮ ತಿರುವಿನಲ್ಲಿ ಇಳಿದುಹೋದರು. ನಮ್ಮ ತಿರುವು ಬಂದಾಗ ಡ್ರೈವರ್ ಪ್ರಶಾಂತ್ ನಿಧಾನ ಮಾಡಿದ.

"ಹೊಸಗದ್ದೆ ಕೆಳಗೆ ಇಳಿಯೋರು!"

ಅಮ್ಮ ಅಲ್ಲಾಡಲಿಲ್ಲ.

"ಎಂತ ವಸಂತಕ್ಕ, ಇಳಿಯಲ್ವಾ?"

"ಇದು ಸುರಗಿಮಕ್ಕಿ. ಹಂಗೆ ಕೂಗು, ಇಳೀತೀನಿ."

"ಅದ್ಯಾವ ಊರು? ಜೀಪು ತುಂಬ ಜನ ಇದ್ದಾರೆ, ತಮಾಷೆ ಮಾಡ್ಬೇಡಿ."

ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಳು. ಪ್ರಶಾಂತನೂ ಹಟಮಾರಿ. ಗೇರ್ ಹಾಕಿ ಹೊರಟೇಬಿಟ್ಟ. ಸೇತುವೆ ದಾಟಿದ ಮೇಲೆ ಹಿಂದಿನವರೆಲ್ಲ ಬೈದಿದ್ದಕ್ಕೆ ನಿಲ್ಲಿಸಿದ. ನಾವು ಇಳಿದು ಏರು ಹತ್ತುತ್ತ ಬಂದ ದಾರಿಗೇ ವಾಪಸ್ ನಡೆದೆವು. ಪೇಟೆಯಲ್ಲಿ ಕೊಂಡ ಸಾಮಾನಿನ ಬ್ಯಾಗು ನನ್ನ ತಲೆಯ ಮೇಲಿತ್ತು. ಅಮ್ಮ ಮುಂದೆ ಮುಂದೆ ಹೋಗುತ್ತಿದ್ದಳು. ನಾಳೆ ಹಳ್ಳದಿಂದ ಪೈಪು ಎಳೆಯಬೇಕು, ಕರೆಂಟು ನಂಬಿದರೆ ಆಗದು ಎಂದು ಹಿಂದೆ ತಿರುಗದೆಯೇ ಹೇಳುತ್ತಿದ್ದಳು.